ಪೀಟರ್ ಊರಿನ ಮ್ಯೂಸಿಯಂಗಳಲ್ಲಿ ನಾವು ನಾಲ್ವರು

ನಮ್ಮ ಕಡೆಯ ನಾಲ್ಕು ಜನ ಒಟ್ಟಿಗೆ ಹೊಸಿಲು ದಾಟಿದರೆ ಏನಾದರೂ ಒಂದು ಆಗದೆ ಇರುವುದಿಲ್ಲ. ದೇವರಾಯನದುರ್ಗಕ್ಕೆ ಹೋದರೂ ಆಗುತ್ತದೆ, ಸಿ.ಎಸ್. ಪುರಕ್ಕೆ ನಾಮಕರಣಕ್ಕೆ ಹೋದರೂ ಆಗುತ್ತದೆ. ಹೀಗಿರುವಾಗ ರಷ್ಯಾಕ್ಕೆ ಹೋದಾಗ ಮಾತ್ರ ಏನೂ ಆಗದಿರಲಿ ಅಂತ ಆಸೆಪಡುವುದು ದುರಾಸೆ.

ಗುಬ್ಬಿಯಲ್ಲಿರುವ ನಮ್ಮಕ್ಕನ ಮಗಳು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ವಿಡಿಯೋ ಕಾಲಿನಲ್ಲಿ ಮಗಳು ಸೊರಗಿದ ಹಾಗೆ ಕಾಣುತ್ತಾಳೆ ಅನ್ನುವುದು ಅಕ್ಕನ ಕೊರಗು. "ಅದು ಲೈಟಿಂದು ಕಣಮ್ಮಾ" ಅಂತ ಹುಡುಗಿ ಎಷ್ಟು ಹೇಳಿದರೂ ಕೇಳದೆ, ಕಣ್ಣಾರೆ ನೋಡಿಯೇ ತೀರುತ್ತೇನೆ ಅಂತ ಹೊರಟಳು. ಭಾವನಿಗೆ ಗುಬ್ಬಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಅವರು ಹೆಂಡತಿಯನ್ನು ಒಬ್ಬಳನ್ನೇ ಕಳಿಸುವವರಲ್ಲ. ತುಮಕೂರಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದ ನನ್ನನ್ನು ಇಂಗ್ಲಿಷ್ ಮಾತಾಡುವುದಕ್ಕೆ ಅಂತ ಕರೆದುಕೊಂಡರು. ನನ್ನ ಹೆಂಡತಿ, "ಫೋಟೋ ಕಳ್ಸಿ, ಇಲ್ಲೇ ಬೆಚ್ಚಗೆ ಕೂತು ನೋಡ್ತೀನಿ" ಎಂದು ತುಮಕೂರಿನ ಸದಾಶಿವನಗರದ ಮನೆಯಲ್ಲೇ ಉಳಿದಳು.

ನಾಲ್ಕನೆಯವರು ಅಕ್ಕನ ಬೀಗರು, ಅವಳ ಮಗನಿಗೆ ಹೆಣ್ಣು ಕೊಟ್ಟವರು. ಕುಣಿಗಲ್ ಕಡೆ ಸರ್ಕಾರಿ ಕುದುರೆ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಅವರು ಯಾಕೆ ಬಂದರು ಅನ್ನುವುದು ಇವತ್ತಿಗೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹಬ್ಬದ ಊಟಕ್ಕೆ ಬಂದಾಗ ಭಾವ ಮಾತಿಗೆ "ನೀವೂ ಬನ್ನಿ ಬೀಗ್ರೇ" ಅಂದಿದ್ದರು. ಅವರು ಪಾಸ್‌ಪೋರ್ಟ್ ಮಾಡಿಸಿಕೊಂಡು ಬಂದೇಬಿಟ್ಟರು.

ಶಿವರಾತ್ರಿ ಕಳೆದ ಮೇಲೆ ಹೊರಟೆವು. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತೆ ಅನ್ನುವುದು ನಮ್ಮ ಲೆಕ್ಕ. ಆ ಲೆಕ್ಕ ಗುಬ್ಬಿಯ ಗಡಿವರೆಗೆ ಮಾತ್ರ. ರಷ್ಯಾದಲ್ಲಿ ನದಿಯೇ ಗಡ್ಡೆ ಕಟ್ಟಿತ್ತು. ಹುಡುಗಿಗೆ ಪರೀಕ್ಷೆ ಹತ್ತಿರ, ನಾವು ನಾಲ್ವರೂ ಹಗಲೆಲ್ಲ ಅವಳ ರೂಮಿನಲ್ಲೇ ಕೂತರೆ ಓದಲು ಜಾಗವಿಲ್ಲ, ಬೀದಿಯಲ್ಲಿ ನಿಲ್ಲುವ ಹಾಗಿಲ್ಲ. ಆ ಊರಿನಲ್ಲಿ ಇಡೀ ದಿನ ಬೆಚ್ಚಗೆ ಇಟ್ಟುಕೊಳ್ಳುವ ಜಾಗ ಅಂದರೆ ಮ್ಯೂಸಿಯಂ. ಬೆಳಿಗ್ಗೆ ಎದ್ದರೆ ಟಿಕೆಟ್ ನನ್ನ ಫೋನಿಗೆ ಹಾಕಿ, ಬಸ್ ಹತ್ತಿಸಿ, "ಮಾವ, ಸಾಯಂಕಾಲದವರೆಗೆ ಬರ್ಬೇಡಿ, ಓದ್ಕೋಬೇಕು" ಅನ್ನುತ್ತಿದ್ದಳು. ರಷ್ಯಾದ ಇತಿಹಾಸ ನಾವು ನೋಡಿದ್ದು ಹೀಗೆ.

ಊರಿನ ಹೆಸರು ಭಾವನ ಬಾಯಿಗೆ ಪೂರ್ತಿ ಹಿಡಿಯಲಿಲ್ಲ. "ಪೀಟರ್" ಅಂತಲೇ ಅನ್ನುತ್ತಿದ್ದರು. ಅಲ್ಲಿನ ಜನವೂ ಪ್ರೀತಿಯಿಂದ ಹೆಚ್ಚುಕಡಿಮೆ ಹಾಗೇ ಕರೆಯುತ್ತಾರೆ ಅಂತ ಆಮೇಲೆ ತಿಳಿಯಿತು. ಅಂದಿನಿಂದ ಭಾವ ತಮಗೆ ರಷ್ಯನ್ ಬರುತ್ತೆ ಅಂತಲೇ ತಿಳಿದುಕೊಂಡರು.

ಕೋಟಿನ ಕುಣಿಕೆ

ಅಲ್ಲಿ ಮ್ಯೂಸಿಯಂ ಒಳಗೆ ದಪ್ಪ ಕೋಟು ಹಾಕಿಕೊಂಡು ಹೋಗುವಂತಿಲ್ಲ. ನಮ್ಮಲ್ಲಿ ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವ ಹಾಗೆ, ಬಾಗಿಲಲ್ಲೇ ಬಿಚ್ಚಿ ಕೊಟ್ಟು ಟೋಕನ್ ಇಸ್ಕೋಬೇಕು. ಭಾವನ ಕೋಟು ಮಗನ ಮದುವೆಗೆ ತುಮಕೂರಿನಲ್ಲಿ ಹೊಲಿಸಿದ್ದು. ಕೌಂಟರಿನಲ್ಲಿದ್ದ ಹೆಂಗಸು, ಹೆಚ್ಚುಕಡಿಮೆ ಅಕ್ಕನ ವಯಸ್ಸು, ಅದನ್ನು ತಗೊಂಡು ಕಾಲರ್ ಹಿಂದೆ ಬೆರಳಾಡಿಸಿದಳು. ಮುಖ ಗಂಟಿಕ್ಕಿಕೊಂಡಳು. ಕೋಟನ್ನು ವಾಪಸ್ ಕೌಂಟರಿನ ಮೇಲಿಟ್ಟು ಒಂದು ಭಾಷಣ ಮಾಡಿದಳು.

"ಏನಂತೆ?" ಅಂತ ಭಾವ ನನ್ನ ಕಡೆ ತಿರುಗಿದರು. ರಷ್ಯಾ ಕ್ರಾಂತಿಯ ಪಾಠ ಮಾಡಿದವನಿಗೆ ರಷ್ಯನ್ ಬರಲೇಬೇಕು ಅನ್ನುವುದು ಅವರ ನಂಬಿಕೆ.

"ಹಳೇದಾಯ್ತು ಅಂತಿರ್ಬೇಕು" ಅಂದೆ.

"ಹಳೇದಾ? ಮದ್ವೆಗೊಂದ್ ಸಲ, ರಿಸೆಪ್ಷನ್‌ಗೊಂದ್ ಸಲ ಹಾಕಿರೋದು!"

ಬೀಗರು ಸಮಾಧಾನವಾಗಿ ಹೇಳಿದರು: "ಹುಳ ಗಿಳ ಅವಾ ಅಂತ ನೋಡ್ತಾವ್ಳೆ ಬೀಗ್ರೇ. ಕುದ್ರೆ ಕಂಬ್ಳಿ ಒಳಕ್ ಬಿಡೋ ಮುಂಚೆ ನಾವೂ ಹಂಗೇ ನೋಡೋದು."

ಭಾವ ಬೀಗರನ್ನು ನೋಡಿದ ನೋಟಕ್ಕೆ ಸಂಬಂಧ ಮುರಿಯಬೇಕಿತ್ತು. ಅಷ್ಟರಲ್ಲಿ ಆ ಹೆಂಗಸು ಬೇರೆ ಯಾರದೋ ಕೋಟು ತಂದು, ಅದರ ಕತ್ತಿನ ಹಿಂದಿದ್ದ ಪುಟ್ಟ ಬಟ್ಟೆಯ ಕುಣಿಕೆ ತೋರಿಸಿ, ಗೋಡೆಯ ಮೊಳೆ ತೋರಿಸಿ, ಭಾವನ ಕೋಟು ತೋರಿಸಿದಳು. ಅಕ್ಕನಿಗೆ ಥಟ್ಟನೆ ಹೊಳೆಯಿತು. "ಅಯ್ಯೋ ನಿಮ್ಮ, ನೇತಾಕಕ್ಕೆ ಕುಣ್ಕೆ ಇಲ್ಲ ಅಂತವ್ಳೆ ಕಣ್ರೋ!"

ಬ್ಯಾಗಿನಿಂದ ಒಂದು ಲಾಡಿ ತೆಗೆದಳು. ಪ್ರಯಾಣದಲ್ಲಿ ಬೇಕಾಗುತ್ತೆ ಅಂತ ಅಕ್ಕ ಯಾವಾಗಲೂ ಒಂದು ಹೊಸ ಲಾಡಿ ಇಟ್ಟುಕೊಂಡಿರುತ್ತಾಳೆ. ಕೌಂಟರಿನವಳ ಕತ್ತರಿಯಿಂದಲೇ ಒಂದು ತುಂಡು ಕತ್ತರಿಸಿ, ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಕಾಲರಿಗೆ ಚುಚ್ಚಿ, ಎಳೆದು ನೋಡಿ, ಕೊಟ್ಟಳು. ಕೌಂಟರಿನವಳ ಮುಖದ ಗಂಟು ಸಡಿಲವಾಯಿತು. ಒಳಗೆ ಹೋಗಿ ಕುಣಿಕೆ ಕಿತ್ತುಹೋದ ಬೇರೆಯವರ ಕೋಟುಗಳನ್ನೂ ಒಂದು ರಾಶಿ ಹೊತ್ತು ತಂದಳು. ಅಕ್ಕನಿಗೆ ಇಲ್ಲ ಅನ್ನಲು ಭಾಷೆ ಬರಲಿಲ್ಲ. ಬಳೆಯ ಪಿನ್ನು ಮುಗಿಯಿತು, ಸರದ ಪಿನ್ನು ಮುಗಿಯಿತು, ಕೊನೆಗೆ ಸೆರಗಿನ ಪಿನ್ನಿಗೂ ಕೈ ಹಾಕಿದಳು.

ಆ ಮ್ಯೂಸಿಯಂನಲ್ಲಿ ಏನೇನಿತ್ತು ಅಂತ ಅಕ್ಕನಿಗೆ ಗೊತ್ತಿಲ್ಲ. ಎರಡೂ ಕೈಯಲ್ಲಿ ಸೆರಗು ಹಿಡಿದುಕೊಂಡು ಹೋಗಿ, ಹಾಗೇ ಹೊರಗೆ ಬಂದಳು. ಪೀಟರ್ ಊರಿನಲ್ಲಿ ಕೆಲವರ ಕೋಟುಗಳು ಈಗಲೂ ಗುಬ್ಬಿಯ ಲಾಡಿಯ ಮೇಲೆ ನೇತಾಡುತ್ತಿವೆ.

ರಾಣಿಯ ಮನೆಯ ನೆಲ

ಇನ್ನೊಂದು ದಿನ ಯಾವುದೋ ರಾಣಿಯ ಬೇಸಿಗೆ ಮನೆ. ನೆಲವೆಲ್ಲ ಬಣ್ಣಬಣ್ಣದ ಮರದ ತುಂಡು ಕೂಡಿಸಿ ಮಾಡಿದ್ದು. ಬಾಗಿಲಲ್ಲಿ ಬೆಂಚು ಹಾಕಿದ್ದರು, ಜನ ಕೂತು ಬಗ್ಗಿ ಕಾಲಿಗೆ ಏನೋ ಮಾಡಿಕೊಳ್ಳುತ್ತಿದ್ದರು. ಭಾವ ಕ್ಷಣವೂ ತಡಮಾಡದೆ ಬೂಟು ಬಿಚ್ಚಿ, ಮೂಲೆಯಲ್ಲಿ ಜೋಡಿಸಿಟ್ಟು, ನಡು ಬಗ್ಗಿಸಿ ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ನಡೆದೇಬಿಟ್ಟರು. ಹಿಂದೆಯೇ ಓಡಿಬಂದ ಹುಡುಗಿಯೊಬ್ಬಳು ಅವರನ್ನು ಕೈ ಹಿಡಿದು ವಾಪಸ್ ಕರೆತಂದಳು. ಬೂಟು ಬಿಚ್ಚುವಂತಿಲ್ಲವಂತೆ, ಬೂಟಿನ ಮೇಲೆಯೇ ಉಣ್ಣೆಯ ದೊಡ್ಡ ಚಪ್ಪಲಿ ತೊಟ್ಟುಕೊಳ್ಳಬೇಕಂತೆ.

ಆ ಚಪ್ಪಲಿಗಳು ಎಲ್ಲ ಒಂದೇ ಅಳತೆ, ಆನೆಗೆ ಆಗುವಂಥವು. ಕಾಲೆತ್ತಿದರೆ ಕಳಚುತ್ತವೆ. ಹಾಗಾಗಿ ಎಲ್ಲರೂ ಕಾಲೆಳೆದುಕೊಂಡು ಜಾರಿಕೊಂಡು ಹೋಗಬೇಕು. ನಾನು ರಾಣಿಯ ಆಳ್ವಿಕೆ, ಯುದ್ಧ, ಸುಧಾರಣೆ ಎಲ್ಲ ವಿವರಿಸುತ್ತಾ ಮುಂದೆ ಜಾರುತ್ತಿದ್ದೆ. ಹಿಂದೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಬೀಗರು ಕಿಟಕಿಯಾಚೆಯ ಗಾಡಿಕುದುರೆ ನೋಡುತ್ತಿದ್ದರು, ಭಾವ ಬಾಗಿಲ ಹಿಡಿ ಹಿತ್ತಾಳೆಯೋ ಪಾಲಿಷ್ಷೋ ಅಂತ ಉಗುರಿನಿಂದ ಕೆರೆದು ನೋಡುತ್ತಿದ್ದರು.

ಒಂದೆರಡು ಕೋಣೆ ದಾಟಿದ ಮೇಲೆ ಭಾವ ನಿಂತು, ಹಿಂದಿರುಗಿ ನೋಡಿ, ನೆಲ ಹೊಳೆಯುತ್ತಿದ್ದುದನ್ನು ಗಮನಿಸಿದರು.

"ಅಯ್ಯಾ, ಇದು ನೆಲ ಒರೆಸೋ ಬಟ್ಟೆ ಕಣಯ್ಯಾ. ನಮ್ ಕಾಲಿಗೆ ಕಟ್ಟವ್ರೆ."

"ಅದೆಂಗೆ ಭಾವ?"

"ಹೆಂಗೇನು. ಟಿಕೆಟ್ ಕೊಟ್ಟು ಒಳಕ್ ಬಂದು, ಮೂಲೆಮೂಲೇನೂ ಒರ್ಸಿ ಹೋಗ್ತಾರೆ ಜನ. ಎಂಥ ವ್ಯಾಪಾರಸ್ತರು ನೋಡು ಇವ್ರು." ಅವರ ದನಿಯಲ್ಲಿ ಕೋಪ ಇರಲಿಲ್ಲ, ಗೌರವ ಇತ್ತು.

ಆ ಸಂಜೆ ಅಕ್ಕ ಊರಿಗೆ ಫೋನ್ ಮಾಡಿ ಸೊಸೆಗೆ ಹೇಳಿದ್ದು ಇಷ್ಟೇ: "ನಿಮ್ ಮಾವ ಗುಬ್ಬೀಲಿ ಒಂದಿನ ಕಸಬರಿಕೆ ಮುಟ್ದೋರಲ್ಲ ಕಣಮ್ಮ. ಇವತ್ತು ರಷ್ಯಾದ್ ರಾಣಿ ಮನೆ ಪೂರ್ತಿ ಒರ್ಸಿ ಬಂದವ್ರೆ."

ಚಟ್ನಿಪುಡಿ

ಅಕ್ಕ ಹೊರಗಿನ ಊಟ ಮುಟ್ಟುವುದಿಲ್ಲ. ಚಪಾತಿ, ಚಟ್ನಿಪುಡಿ ಬ್ಯಾಗಿನಲ್ಲೇ ಇರುತ್ತದೆ. ಒಂದು ಮ್ಯೂಸಿಯಂ ಬಾಗಿಲಲ್ಲಿ ಬ್ಯಾಗು ತಪಾಸಣೆ ಮಾಡುವ ಸೆಕ್ಯೂರಿಟಿಯವನು ಡಬ್ಬಿ ತೆಗೆಸಿ, ಮುಚ್ಚಳ ಬಿಚ್ಚಿ, ಕೆಂಪುಪುಡಿ ನೋಡಿ, ಮೂಗಿನ ಹತ್ತಿರ ಹಿಡಿದ. ಆಮೇಲೆ ಬಹಳ ಹೊತ್ತು ಸೀನಿದ. ಹಿಂದಿನ ಸಾಲು ನಾಲ್ಕು ಹೆಜ್ಜೆ ಹಿಂದಕ್ಕೆ ಹೋಯಿತು.

ಅವನು ಕಣ್ಣೊರೆಸಿಕೊಂಡು ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿದ. ನಾನು ಇಂಗ್ಲಿಷಿನಲ್ಲಿ ಫುಡ್ ಅಂದೆ. ಅವನು ನಂಬಲಿಲ್ಲ. ಅಕ್ಕ ಮುಂದೆ ಬಂದು, "ತಿನ್ನೋದು ಕಣಪ್ಪಾ, ತಿನ್ನೋದು" ಅಂತ ಅಂಗೈಗೆ ಒಂದು ಚಿಟಿಕೆ ಹಾಕಿಕೊಂಡು ನೆಕ್ಕಿ ತೋರಿಸಿ, ಅವನ ಅಂಗೈಗೂ ಒಂದು ಚಿಟಿಕೆ ಹಾಕಿದಳು. ಅವನು ನಾಲಿಗೆ ತುದಿಗೆ ಸೋಕಿಸಿದ. ಮುಖ ಕೆಂಪಾಯಿತು. ಗೋಡೆ ಕಡೆ ತಿರುಗಿ ನಿಂತ. ನಮ್ಮ ಕಥೆ ಮುಗಿಯಿತು, ಹುಡುಗಿಯ ಕಾಲೇಜಿಗೂ ಸುದ್ದಿ ಹೋಗುತ್ತೆ ಅಂತ ನಾನು ಹೆದರಿದ್ದೆ. ಅವನು ಮತ್ತೆ ಕೈ ಚಾಚಿದ.

ಮಾರನೇ ದಿನ ನಾವು ಆ ಮ್ಯೂಸಿಯಂನ ಉಳಿದರ್ಧ ನೋಡಲು ಹೋದಾಗ ಅವನು ಬಾಗಿಲಲ್ಲೇ ಇದ್ದ. ಕೈಯಲ್ಲಿ ಬ್ರೆಡ್ ಹಿಡಿದುಕೊಂಡಿದ್ದ.

ಸತ್ತಿದ್ದು ಯಾವಾಗ

ಪ್ರಾಣಿಗಳ ಮ್ಯೂಸಿಯಂ ಅಂದಾಗ ಬೀಗರ ಮುಖ ಮೊದಲ ಸಲ ಅರಳಿತು. ಅಲ್ಲಿವರೆಗೆ ಅವರು ಯಾವ ಚಿತ್ರದ ಮುಂದೆಯೂ ಕುದುರೆ ಇದ್ದರೆ ಮಾತ್ರ ನಿಲ್ಲುತ್ತಿದ್ದರು. ದೊಡ್ಡ ಯುದ್ಧದ ಚಿತ್ರದಲ್ಲಿ ಚಕ್ರವರ್ತಿ ಕತ್ತಿ ಎತ್ತಿದ್ದರೆ, ಬೀಗರು ಅವನ ಕೆಳಗೆ ನೋಡಿ, "ಬಲಗಾಲು ಕುಂಟ್ತಾ ಅದೆ" ಅನ್ನುತ್ತಿದ್ದರು.

ಒಳಗೆ ಒಂದು ಹಳೇ ಕಾಲದ ಕುದುರೆ, ಚರ್ಮಕ್ಕೆ ಹುಲ್ಲು ತುಂಬಿ ನಿಲ್ಲಿಸಿದ್ದರು. ಬೀಗರು ಅದರ ಸುತ್ತ ಬಂದರು. ಹಗ್ಗದೀಚೆ ನಿಂತೇ ಬಗ್ಗಿ ಗೊರಸು ನೋಡಿದರು, ಕುತ್ತಿಗೆ ನೋಡಿದರು, ಕಣ್ಣು ನೋಡಿದರು. ನಾವು ಮೂವರೂ ಡಾಕ್ಟರು ಏನು ಹೇಳುತ್ತಾರೋ ಅಂತ ಕಾಯುವ ಮನೆಯವರ ಹಾಗೆ ನಿಂತಿದ್ದೆವು. ಅವರು ನೆಟ್ಟಗಾಗಿ, ಕೈ ಒರೆಸಿಕೊಂಡು, ತಲೆ ಅಲ್ಲಾಡಿಸಿದರು.

"ಇಲ್ಲ. ಜೀವ ಇಲ್ಲ."

ಅಲ್ಲಿಂದ ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಒಂದು ಆನೆಮರಿ. ಮೈಮೇಲೆ ಕೂದಲಿದ್ದ ಕಾಲದ ಆನೆ, ಹಿಮದಡಿ ಹೂತಿದ್ದು ಕೆಡದೆ ಹಾಗೇ ಸಿಕ್ಕಿದ್ದು. ಮಲಗಿರುವ ಹಾಗೇ ಇತ್ತು. ಅಕ್ಕನ ಕಣ್ಣಲ್ಲಿ ನೀರು ಬಂತು.

"ಪಾಪ, ಕೂಸು. ಯಾವಾಗ ಸತ್ತೋಯ್ತಂತೋ?"

"ಸಾವಿರಾರು ವರ್ಷ ಆಯ್ತಕ್ಕ."

"ಇನ್ನೂ ಮಣ್ಣು ಮಾಡಿಲ್ವಾ?"

"ಮಣ್ಣಲ್ಲೇ ಇತ್ತು. ಇವ್ರೇ ಹೊರಗ್ ತೆಗೆದಿದಾರೆ."

ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. ಬೀಗರು ಮಾತ್ರ ಯೋಚನೆಗೆ ಬಿದ್ದರು. ಮಣ್ಣು ಮಾಡಿದ ಹೆಣ ಹೊರಗೆ ತೆಗೆಯುವುದು ಸರ್ಕಾರಿ ನೌಕರಿಯಲ್ಲಿದ್ದವರಿಗೆ ಸಣ್ಣ ವಿಷಯವಲ್ಲ. ಕೊನೆಗೆ ದನಿ ತಗ್ಗಿಸಿ ನನ್ನ ಕೇಳಿದರು: "ತೆಗ್ಯೋವಾಗ ತಹಸೀಲ್ದಾರ್ರು ಇದ್ರಂತಾ?"

ಹಿತ್ತಾಳೆ ಹಂಡೆ

ದೇಶದೇಶದ ಜನರ ಪಾತ್ರೆ ಪಡಗ, ಬಟ್ಟೆಬರೆ ಇಟ್ಟಿರುವ ಒಂದು ಮ್ಯೂಸಿಯಂ ಇತ್ತು. ಒಂದು ಕೋಣೆ ಪೂರ್ತಿ ಇಂಡಿಯಾದ್ದು. ಗಾಜಿನೊಳಗೆ, ಮೇಲಿಂದ ದೀಪ ಬಿಟ್ಟು, ಒಂದು ಹಿತ್ತಾಳೆ ಹಂಡೆ ಇಟ್ಟಿದ್ದರು. ನೀರು ಕಾಯಿಸುವ ಮಾಮೂಲಿ ಹಂಡೆ. ಕಂಠದ ಹತ್ತಿರ ಸಣ್ಣ ನೆಗ್ಗು.

ಅಕ್ಕ ಅದರ ಮುಂದೆ ನಿಂತವಳು ಅಲ್ಲಾಡಲೇ ಇಲ್ಲ. ನಾವು ಮುಂದಿನ ಕೋಣೆ ನೋಡಿ ಬಂದರೂ ಅಲ್ಲೇ. ಮೂಲೆಗಳನ್ನೆಲ್ಲ ಕಣ್ಣಲ್ಲೇ ಹುಡುಕುತ್ತಿದ್ದಳು. ಊರು ಬಿಟ್ಟು ಅಷ್ಟು ದೂರ ಬಂದಿದ್ದಾಳೆ, ತವರಿನ ನೆನಪಾಗಿರಬೇಕು ಅಂತ ಹತ್ತಿರ ಹೋದೆ.

"ಏನಕ್ಕಾ, ಅವ್ವನ ಬಚ್ಚಲುಮನೆ ನೆನಪಾಯ್ತಾ?"

"ಇಲ್ಲ ಕಣೋ. ನಮ್ಮನೇಲೂ ಇಂಥದ್ದೇ ಇತ್ತು. ನಿಮ್ ಭಾವ ಹಳೇ ಸಾಮಾನಿನೋನಿಗೆ ಹಾಕಿ ಎರಡ್ ಪ್ಲಾಸ್ಟಿಕ್ ಬಕೆಟ್ ಇಸ್ಕೊಂಡ್ರು." ಭಾವನ ಕಡೆ ತಿರುಗದೆಯೇ ಹೇಳಿದಳು. "ಆ ಬಕೆಟ್ಟೂ ಎಲ್ಲಾದ್ರೂ ಗಾಜಲ್ಲಿ ಇಟ್ಟವ್ರಾ ಅಂತ ನೋಡ್ತಾ ಇದೀನಿ."

ಅಕ್ಕ ಕಳೆದುಹೋದದ್ದು

ಕೊನೆಯಲ್ಲಿ ನೋಡಿದ್ದು ಒಂದು ದೊಡ್ಡ ಅರಮನೆ. ಒಳಗೆ ಎಷ್ಟು ಕೋಣೆ ಅಂದರೆ, ಬಾಗಿಲು ದಾಟಿದರೆ ಬಾಗಿಲು. "ಒಬ್ಬರ ಕೈ ಒಬ್ಬರು ಬಿಡ್ಬೇಡಿ" ಅಂತ ಹುಡುಗಿ ಹೇಳಿ ಕಳಿಸಿದ್ದಳು. ಭಾವ ಚಿನ್ನದ ಬಣ್ಣದ ಬಾಗಿಲಿನ ಕೀಲು ನೋಡಲು ನಿಂತರು. ನಾನು ಸಿಂಹಾಸನದ ವಿಷಯ ವಿವರಿಸುತ್ತಿದ್ದೆ. ತಿರುಗಿ ನೋಡಿದರೆ ಕೇಳುತ್ತಿದ್ದದ್ದು ಬೀಗರೊಬ್ಬರೇ. ಅಕ್ಕ ಇಲ್ಲ.

ಹಿಂದಿನ ಕೋಣೆಯಲ್ಲಿಲ್ಲ, ಮುಂದಿನ ಕೋಣೆಯಲ್ಲಿಲ್ಲ. ಅಕ್ಕನ ಫೋನು ಮಗಳ ರೂಮಿನಲ್ಲಿ ಚಾರ್ಜಿಗೆ ಹಾಕಿದ್ದು ಅಲ್ಲೇ ಉಳಿದಿತ್ತು. "ಎಲ್ಲೋ ಕೂತಿರ್ತಾಳೆ ಬಿಡು" ಅಂತ ಭಾವ ಮೊದಲು ಗಟ್ಟಿಯಾಗೇ ಅಂದರು. ಇನ್ನಷ್ಟು ಕೋಣೆ ಸುತ್ತಿದ ಮೇಲೆ ಅವರ ಹಣೆಯಲ್ಲಿ ಬೆವರು. "ಏಯ್! ಇವ್ಳೇ!" ಅಂತ ಕೂಗಲು ಶುರು ಮಾಡಿದರು. ಮದುವೆಯಾದಾಗಿನಿಂದ ಅವರು ಕರೆಯುವುದೇ ಹಾಗೆ. ಗುಬ್ಬಿಯಲ್ಲಿ ಆ ಕೂಗಿಗೆ ಅಕ್ಕ ಹಿತ್ತಲಿಂದ ಓಡಿಬರುತ್ತಾಳೆ. ಇಲ್ಲಿ ಎಲ್ಲ ದೇಶದ ಹೆಂಗಸರೂ ತಿರುಗಿ ನೋಡಿದರು, ಅಕ್ಕ ಬರಲಿಲ್ಲ. ಭಾವ ಒಂದು ಕಂಬ ಹಿಡಿದು ನಿಂತುಬಿಟ್ಟರು.

"ಅವ್ಳಿಗೆ ನೀರ್ ಬೇಕು ಅಂತ ಕೇಳಕ್ಕೂ ಭಾಷೆ ಬರಲ್ಲ ಕಣಯ್ಯಾ" ಅಂದರು. ಅವರ ದನಿ ಹಾಗೆ ಒಡೆದದ್ದು ನಾನು ಯಾವತ್ತೂ ಕೇಳಿರಲಿಲ್ಲ.

ಕೆಳಗೆ ವಿಚಾರಣೆಯ ಕೌಂಟರಿಗೆ ಓಡಿದೆವು. ಇಂಗ್ಲಿಷ್ ಬಲ್ಲ ಹುಡುಗಿಯೊಬ್ಬಳು ಹೆಸರು ಕೇಳಿ ಬರೆದುಕೊಂಡಳು. ಆಮೇಲೆ, "ಯಾವ ಬಣ್ಣದ ಬಟ್ಟೆ?" ಅಂದಳು. ನನಗೆ ನೆನಪಿರಲಿಲ್ಲ. ಭಾವನ ಕೇಳಿದೆ.

"ಸೀರೆ" ಅಂದರು ಭಾವ.

"ಬಣ್ಣ ಭಾವ, ಬಣ್ಣ. ಬೆಳಿಗ್ಗೆ ನಿಮ್ಮನ್ನೇ ಅಲ್ವಾ ಅಕ್ಕ ಕೇಳಿದ್ದು, ಹೆಂಗಿದೆ ಅಂತ?"

"ಕೇಳಿದ್ಲು. ಚೆನ್ನಾಗದೆ ಅಂದೆ." ಭಾವ ತಲೆ ತಗ್ಗಿಸಿದರು. "ನೋಡ್ಲಿಲ್ಲ."

ಕೌಂಟರಿನ ಹುಡುಗಿ ಮೈಕಿನಲ್ಲಿ ಅಕ್ಕನ ಹೆಸರು ಕೂಗಿದಳು. ರಷ್ಯನ್ ಬಾಯಲ್ಲಿ ಅದು ಎಷ್ಟು ಬದಲಾಯಿತೆಂದರೆ, ಒಡಹುಟ್ಟಿದ ನನಗೂ ಅದು ಯಾರ ಹೆಸರು ಅಂತ ತಿಳಿಯಲಿಲ್ಲ. ಇನ್ನು ಕಾಯುವುದು ಬೇಡ ಅಂತ ಮೂವರೂ ಮತ್ತೆ ಮೇಲಕ್ಕೆ ಹತ್ತಿ, ಒಂದು ಕಡೆಯಿಂದ ಹುಡುಕುತ್ತಾ ಹೊರಟೆವು.

ಎಲ್ಲ ಕೋಣೆಗಳಲ್ಲೂ ಜನರ ಗದ್ದಲ. ಒಂದು ಕೋಣೆ ಮಾತ್ರ ಪ್ರಾರ್ಥನೆ ಹೊತ್ತಿನ ಸ್ಕೂಲಿನ ಹಾಗೆ ಸ್ತಬ್ಧವಾಗಿತ್ತು. ಬಾಗಿಲಲ್ಲಿ ಇಣುಕಿದೆ. ನಡುವೆ ಹಸಿರು ಕಲ್ಲಿನ ಆಳೆತ್ತರದ ಹೂದಾನಿ. ಅದರ ಸುತ್ತ ಒಂದು ಪ್ರವಾಸಿ ಗುಂಪು, ಕೈಕಟ್ಟಿಕೊಂಡು, ಸಾಲಾಗಿ. ಅಲ್ಲಿ ಪ್ರತಿ ಕೋಣೆಗೂ ಕಾವಲಿಗೆ ಒಬ್ಬ ಅಜ್ಜಿಯನ್ನು ಕುರ್ಚಿ ಹಾಕಿ ಕೂರಿಸಿರುತ್ತಾರೆ. ಆ ಕೋಣೆಯ ಕುರ್ಚಿಯಲ್ಲಿ ಶಾಲು ಹೊದ್ದು, ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಅಕ್ಕ ಕೂತಿದ್ದಳು. ಸೀರೆ ನೇರಳೆ ಬಣ್ಣದ್ದು.

"ಏಯ್ ಉದ್ದನೋನೇ, ಹಿಂದಕ್ ನಿಂತ್ಕೊ! ದಾರ ಕಟ್ಟಿರೋದ್ ಕಾಣ್ಸಲ್ವಾ?"

ಆರಡಿ ಮೀರಿದ ಬಿಳಿಯನೊಬ್ಬ ಸಾರಿ ಹೇಳಿ ಹಿಂದಕ್ಕೆ ಸರಿದ.

"ಫೋಟೋ ಸಾಕು, ನಡೀರಮ್ಮ ಮುಂದಕ್ಕೆ. ಹಿಂದಿರೋರೂ ನೋಡ್ಬೇಕಲ್ವಾ?"

ಹೆಂಗಸರು ಫೋನು ಒಳಗಿಟ್ಟು ಮುಂದಕ್ಕೆ ನಡೆದರು.

ಭಾವ ಹೋಗಿ ಕುರ್ಚಿಯ ಪಕ್ಕ ನೆಲಕ್ಕೇ ಕುಸಿದು ಕೂತರು. "ಎಲ್ಲೋಗಿದ್ದೆ ಕಣೇ?"

"ನಾನೆಲ್ಲೋದೆ? ಹೋಗಿದ್ದು ನೀವು." ಅಕ್ಕ ಅವರ ಮುಖ ನೋಡಿ ದನಿ ಇಳಿಸಿದಳು. "ಮಂಡಿ ಹಿಡ್ಕೊಂಡ್ತು, ಗೋಡೆಗ್ ಒರಗಿದ್ದೆ. ಇಲ್ಲಿದ್ದ ಆಯಮ್ಮ ಎದ್ದು ಕುರ್ಚಿ ಕೊಟ್ಟು, ಈಗ್ ಬಂದೆ ಅಂತ ಸನ್ನೆ ಮಾಡಿ ಹೋದ್ಲು. ಯಾಕ್ ಹಿಂಗ್ ಬೆವ್ತಿದೀರ?"

"ಮೈಕಲ್ಲಿ ಕೂಗಿದ್ದು ಕೇಳಿಸ್ಲಿಲ್ವಾ ಅಕ್ಕ?"

"ಕೇಳುಸ್ತು. ಪಾಪ, ಯಾರೋ ಕಳ್ದೋಗವ್ರೆ, ಬೇಗ ಸಿಗ್ಲಪ್ಪ ಅಂದ್ಕೊಂಡೆ."

ಭಾವ ಕಣ್ಣೊರೆಸಿಕೊಂಡು ಎದ್ದರು. "ನಡಿ, ಹೋಗನ."

"ಅದೆಂಗ್ ಬರಕ್ಕಾಯ್ತದೆ? ನನ್ ನಂಬಿ ಬಿಟ್ಟೋಗವ್ಳೆ. ಏನಾರ ಹೆಚ್ಚುಕಮ್ಮಿ ಆದ್ರೆ ಯಾರ್ ತಲೆಗ್ ಬರೋದು? ಬೀಗ್ರೇ, ನೀವು ಆ ಬಾಗ್ಲಲ್ ನಿಂತ್ಕೊಳಿ, ಆಕಡೆ ನಂಗೆ ಕಾಣ್ಸಲ್ಲ."

ಬೀಗರು ಹೋಗಿ ನಿಂತರು. ನನ್ನನ್ನು ಹೂದಾನಿ ಪಕ್ಕ ನಿಲ್ಲಿಸಿದಳು. ಭಾವ ಕುರ್ಚಿಯ ಹಿಂದೆ ನಿಂತರು, ಅಕ್ಕನ ಶಾಲಿನ ತುದಿ ಹಿಡಿದುಕೊಂಡು. ರಷ್ಯಾದ ಚಕ್ರವರ್ತಿಗಳ ಒಂದು ಕೋಣೆಯನ್ನು ಹೀಗೆ ನಾವು ನಾಲ್ವರು ಕಾಯ್ದೆವು.

ಆಮೇಲೆ ಆ ಅಜ್ಜಿ ಎರಡು ಲೋಟ ಬಿಸಿ ಟೀ ಹಿಡಿದುಕೊಂಡು ಬಂದಳು. ಒಂದು ಅವಳದು, ಒಂದು ಅಕ್ಕನದು. ಬಾಗಿಲಲ್ಲೇ ನಿಂತು ಕೋಣೆ ನೋಡಿದಳು, ಸಾಲು ನೋಡಿದಳು, ಕೈಕಟ್ಟಿದ ಜನರನ್ನು ನೋಡಿದಳು. ಟೀ ಕೊಟ್ಟು, ಫೋನು ತೆಗೆದು ರಷ್ಯನ್‌ನಲ್ಲಿ ಏನೋ ಹೇಳಿ, ಅದು ಇಂಗ್ಲಿಷಿಗೆ ತಿರುಗಿಸಿದ್ದನ್ನು ನನಗೆ ತೋರಿಸಿದಳು.

"ಏನಂತವ್ಳೆ?" ಅಕ್ಕ ಕೇಳಿದಳು.

"ಈ ಕೋಣೇಲಿ ಜನ ಇಷ್ಟು ಶಿಸ್ತಾಗಿ ಇದ್ದಿದ್ದು ಅವಳು ಯಾವತ್ತೂ ನೋಡಿಲ್ವಂತೆ. ನಾಳೇನೂ ಬರ್ತೀಯಾ ಅಂತ ಕೇಳ್ತಿದಾಳೆ."

ಅಕ್ಕ ಟೀ ಒಂದು ಗುಟುಕು ಕುಡಿದು, ಗಂಭೀರವಾಗಿ ಯೋಚಿಸಿದಳು.

"ಬರ್ಬೋದು" ಅಂದಳು. "ಆದ್ರೆ ಕುರ್ಚಿಗೊಂದ್ ದಿಂಬು ಹಾಕ್ಸು ಅಂತ ಹೇಳು."